ರಾಶಿಯೊಳಗೆ ಇಳಿಯದ ಕೈ

ಒಮ್ಮೆ ಪ್ರವಾದಿ ಮುಹಮ್ಮದ್(ಸ)ರು ಧಾನ್ಯದ ರಾಶಿಯೊಂದರ ಬಳಿ ಸಾಗುತ್ತಿದ್ದರು. ಹೊರನೋಟಕ್ಕೆ ಆ ಧಾನ್ಯವು ಒಣಗಿತ್ತು, ಚೆನ್ನಾಗಿತ್ತು. ಅವರು ತಮ್ಮ ಕೈಯನ್ನು ರಾಶಿಯೊಳಗೆ ಇಳಿಸಿದರು. ಬೆರಳುಗಳಿಗೆ ತೇವ ತಗುಲಿತು. ಇದೇನೆಂದು ಮಾರಾಟಗಾರನನ್ನು ವಿಚಾರಿಸಿದಾಗ, ಮಳೆ ಬಿದ್ದು ನೆನೆಯಿತೆಂದು ಆತ ಉತ್ತರಿಸಿದ. ಹಾಗಿದ್ದರೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲ್ಭಾಗದಲ್ಲಿ ಇಡಬಾರದಿತ್ತೇ ಎಂದು ಅವರು ಪ್ರಶ್ನಿಸಿದರು; ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಹದೀಸ್.

ಮದ್ರಸಾದಲ್ಲಿ ಅಧ್ಯಾಪಕನಾಗಿ ಇಪ್ಪತ್ತು ವರ್ಷಗಳನ್ನು ಕಳೆದಿರುವ ನಾನು ಈ ಹದೀಸನ್ನು ಎಷ್ಟು ಬಾರಿ ಕಲಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಅಕ್ಕಿ ಅಂಗಡಿಯ ತೂಕ, ಹಾಲಿಗೆ ಬೆರೆಸುವ ನೀರು, ಬುಟ್ಟಿಯ ತಳದಲ್ಲಿ ಅಡಗಿರುವ ಹಳಸಿದ ಮೀನು, ಇವೇ ನನ್ನ ಉದಾಹರಣೆಗಳಾಗಿದ್ದವು. ವ್ಯಾಪಾರಿಯು ಮೋಸ ಮಾಡಬಾರದೆಂಬ ಪಾಠವನ್ನಷ್ಟೇ ನಾನು ಅದರಿಂದ ಹೆಕ್ಕುತ್ತಿದ್ದೆ. ಆದರೆ ಆ ಘಟನೆಯಲ್ಲಿ ಮತ್ತೊಂದು ಪಾಠವೂ ಇದೆ. ಮೇಲ್ಮೈಯನ್ನು ಕಂಡು ತೃಪ್ತರಾಗದೆ ಯಾರಾದರೊಬ್ಬರು ಕೈಯನ್ನು ಒಳಗಿಳಿಸಿ ನೋಡಬೇಕು ಎಂಬ ಪಾಠವದು. ನನಗೆ ಅದು ಅರ್ಥವಾದುದು ಮೂರು ವರ್ಷಗಳ ಹಿಂದೆ, ನನ್ನ ಉಮ್ಮನ ಬೆನ್ನಿನ ಹುಣ್ಣಿನ ಸುದ್ದಿಯನ್ನು ಕೇಳಿದ ದಿನ.

ಉಮ್ಮನಿಗೆ ಆಗ 76 ವರ್ಷ. ಪಾರ್ಶ್ವವಾಯುವಿನಿಂದ ಬಲಗೈ ಮತ್ತು ಬಲಗಾಲಿನ ಶಕ್ತಿ ಹೋಗಿತ್ತು. ಮಾತು ತೊದಲುತ್ತಿತ್ತು, ಆದರೆ ಬುದ್ಧಿ ತಿಳಿಯಾಗಿತ್ತು. ಹನ್ನೊಂದು ತಿಂಗಳು ಅವರನ್ನು ಮನೆಯಲ್ಲೇ ನೋಡಿಕೊಂಡೆವು. ‘ನೋಡಿಕೊಂಡೆವು’ ಎಂದು ಬರೆಯುವಾಗ ನನಗೇ ಸಂಕೋಚವಾಗುತ್ತದೆ. ಮೀಯಿಸುವುದು, ಬಟ್ಟೆ ಬದಲಿಸುವುದು, ಶುದ್ಧಿ ಮಾಡುವುದು, ಉಣ್ಣಿಸುವುದು, ರಾತ್ರಿ ಎರಡು ಬಾರಿ ಎದ್ದು ಮಗ್ಗುಲು ಬದಲಿಸುವುದು, ಇದೆಲ್ಲವನ್ನೂ ಮಾಡಿದವಳು ನನ್ನ ಪತ್ನಿ. ನಾನು ಎತ್ತಲು ಸಹಾಯ ಮಾಡುತ್ತಿದ್ದೆ, ಔಷಧ ತರುತ್ತಿದ್ದೆ. ಕೊನೆಗೆ ಅವಳ ಸೊಂಟದ ನೋವು ಉಲ್ಬಣಿಸಿತು. ಭಾರ ಎತ್ತಲೇಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಇಬ್ಬರು ತಮ್ಮಂದಿರು ಗಲ್ಫಿನಲ್ಲಿದ್ದಾರೆ. ಅಕ್ಕ ದೂರದ ಊರಿನಲ್ಲಿ, ಹಾಸಿಗೆ ಹಿಡಿದ ತನ್ನ ಅತ್ತೆಯ ಆರೈಕೆಯಲ್ಲಿದ್ದಳು. ಮನೆಗೆ ಬಂದು ನೋಡಿಕೊಳ್ಳುವ ಹೋಮ್ ನರ್ಸ್‌ಗಳನ್ನು ನೇಮಿಸಿದೆವು. ನಾಲ್ಕು ತಿಂಗಳಲ್ಲಿ ಮೂವರು ಬಂದರು, ಮೂವರೂ ಹೋದರು. ಬೇರೆ ದಾರಿ ಕಾಣದೆ, ನಗರದ ಹೊರವಲಯದಲ್ಲಿದ್ದ ಒಂದು ಆರೈಕೆ ಕೇಂದ್ರಕ್ಕೆ ಉಮ್ಮನನ್ನು ಸೇರಿಸಿದೆ.

ಅದಕ್ಕಿಂತ ಮುಂಚಿನ ರಮಝಾನಿನಲ್ಲಿ ನಾನು ಇದೇ ವಿಷಯದ ಮೇಲೆ ಪ್ರವಚನ ನೀಡಿದ್ದೆ. ಹೆತ್ತವರ ಮುಂದೆ ‘ಛೆ’ ಎಂದೂ ಅನ್ನಬಾರದೆಂದು ಆಜ್ಞಾಪಿಸುವ ಸೂರಾ ಬನೀ ಇಸ್ರಾಈಲ್‌ನ 23ನೇ ವಚನವನ್ನು ವಿವರಿಸಿ, ವೃದ್ಧಾಶ್ರಮಗಳು ಬೇರೆಯವರ ಸಂಸ್ಕೃತಿ, ಮುಸ್ಲಿಮರ ಮನೆಗಳಲ್ಲಿ ಅವುಗಳ ಅಗತ್ಯವೇ ಬರಬಾರದು ಎಂದು ಗಟ್ಟಿ ದನಿಯಲ್ಲಿ ಹೇಳಿದ್ದೆ. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡಿದ್ದರು. ಅಂತಹ ಉಸ್ತಾದನೇ ತನ್ನ ತಾಯಿಯನ್ನು ಕೇಂದ್ರವೊಂದರಲ್ಲಿ ಬಿಟ್ಟಿದ್ದಾನೆಂದು ಮೊಹಲ್ಲಾದವರಿಗೆ ಹೇಗೆ ಹೇಳಲಿ? ಉಮ್ಮ ಅಕ್ಕನ ಮನೆಯಲ್ಲಿದ್ದಾರೆಂದು ಹೇಳಿಬಿಟ್ಟೆ. ನಮಾಝಿನ ಬಳಿಕ ಕೈ ಹಿಡಿದು ಉಮ್ಮನ ಆರೋಗ್ಯ ವಿಚಾರಿಸಿದವರಿಗೆಲ್ಲ ಅದೇ ಸುಳ್ಳನ್ನು ಉತ್ತರವಾಗಿ ಕೊಟ್ಟೆ. ಆ ಸುಳ್ಳಿನ ಬೆಲೆಯನ್ನು ತೆತ್ತವರು ಮಾತ್ರ ಉಮ್ಮ.

ಆ ಕೇಂದ್ರವನ್ನು ನಾನು ಆರಿಸಿದ್ದು ಹೇಗೆ? ನೆಲಕ್ಕೆ ಹೊಳೆಯುವ ಟೈಲ್ಸ್ ಇತ್ತು. ಅಂಗಳದಲ್ಲಿ ಹೂದೋಟವಿತ್ತು. ಕಚೇರಿಯ ಗೋಡೆಯಲ್ಲಿ ಸುಂದರ ಅರಬಿ ಲಿಪಿಯಲ್ಲಿ ಬರೆದ ಆಯತ್ತೊಂದು ತೂಗುತ್ತಿತ್ತು. ಮ್ಯಾನೇಜರ್ ಸಲಾಂ ಹೇಳಿ ಚಹಾ ತರಿಸಿದರು. ಹಲಾಲ್ ಆಹಾರದ ಭರವಸೆ ನೀಡಿದರು. ತಿಂಗಳಿಗೆ 22,000 ರೂಪಾಯಿ. ಮಲಗುವ ಕೋಣೆಯನ್ನು ತೋರಿಸಿದರು, ನೋಡಿದೆ. ಸ್ನಾನದ ಕೋಣೆಯನ್ನು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಎಷ್ಟು ಮಂದಿ ಕೆಲಸದವರು ಇರುತ್ತಾರೆಂದೂ ಕೇಳಲಿಲ್ಲ. ಹಾಗೆ ಕೇಳುವುದು ಸಲಾಂ ಹೇಳಿ ಬರಮಾಡಿಕೊಂಡ ಮನುಷ್ಯನ ಮೇಲಿನ ಸಂಶಯವಾದೀತು, ಸಂಶಯವು ಪಾಪವಾದೀತು ಎಂದು ಭಾವಿಸಿದೆ.

ಪ್ರತಿ ಭಾನುವಾರ ಸಂಜೆ ನಾಲ್ಕು ಗಂಟೆಗೆ ಭೇಟಿಯ ಸಮಯ. ನಾನು ಹೋಗುವಷ್ಟರಲ್ಲಿ ಉಮ್ಮನನ್ನು ಮೀಯಿಸಿ, ಒಗೆದ ಬಟ್ಟೆ ತೊಡಿಸಿ, ಮುಖಕ್ಕೆ ಪೌಡರ್ ಹಚ್ಚಿ ದಿಂಬಿಗೆ ಒರಗಿಸಿ ಕೂರಿಸಿರುತ್ತಿದ್ದರು. “ಹೇಗಿದ್ದೀರಿ ಉಮ್ಮಾ?” ಎನ್ನುತ್ತಿದ್ದೆ. “ಅಲ್‌ಹಮ್ದುಲಿಲ್ಲಾಹ್” ಎನ್ನುತ್ತಿದ್ದರು. “ಊಟ ಸರಿಯಾಗಿ ಕೊಡುತ್ತಾರಾ?” ಎಂದರೂ “ಅಲ್‌ಹಮ್ದುಲಿಲ್ಲಾಹ್.” ನಿದ್ದೆಯ ಬಗ್ಗೆ ಕೇಳಿದರೂ ಅದೇ ಉತ್ತರ. ನಾನು ನೆಮ್ಮದಿಯಿಂದ ಬಸ್ಸು ಹತ್ತುತ್ತಿದ್ದೆ.

ಓದುಗ ಮಿತ್ರರೇ, ನಮ್ಮ ಹಿರಿಯರ ಬಾಯಿಯಿಂದ ಬರುವ ಆ ಪದವು ಅವರ ಈಮಾನಿನ ಸೌಂದರ್ಯ. ಆದರೆ ಅದು ಅಲ್ಲಾಹನಿಗೆ ಸಲ್ಲಿಸುವ ಸ್ತುತಿಯೇ ಹೊರತು ನನ್ನ ಪ್ರಶ್ನೆಗೆ ನೀಡಿದ ವರದಿಯಲ್ಲ. ನೋವಿನಲ್ಲಿ ನರಳುವ ಸತ್ಯವಿಶ್ವಾಸಿಯೂ ಹಾಗೆಯೇ ಉತ್ತರಿಸುತ್ತಾನೆ. ಅದನ್ನು ವರದಿಯೆಂದು ಸ್ವೀಕರಿಸಿ ಮನೆಗೆ ಮರಳಿದ ತಪ್ಪು ನನ್ನದು.

ಆರನೆಯ ವಾರ ಅಕ್ಕ ಬಂದಳು. ಅವಳಿಗೆ ದೊರೆತದ್ದು ಬುಧವಾರ ಬೆಳಗಿನ ಬಿಡುವು. ಮೊದಲೇ ತಿಳಿಸದೆ ನೇರವಾಗಿ ಕೇಂದ್ರಕ್ಕೆ ಹೋದಳು. ಹೆಣ್ಣುಮಗಳೆಂಬ ಕಾರಣಕ್ಕೆ ಯಾರೂ ತಡೆಯಲಿಲ್ಲ. ಉಮ್ಮನ ಬಟ್ಟೆ ಒದ್ದೆಯಾಗಿರುವುದನ್ನು ಕಂಡು ತಾನೇ ಬದಲಿಸಲು ಮಗ್ಗುಲಿಗೆ ಹೊರಳಿಸಿದಳು. ಸೊಂಟದ ಕೆಳಗೆ, ಬೆನ್ನುಮೂಳೆಯು ಕೊನೆಗೊಳ್ಳುವಲ್ಲಿ, ಅಂಗೈ ಅಗಲದ ಹುಣ್ಣು ಇತ್ತು. ನಡುವೆ ಚರ್ಮ ಕಿತ್ತು ಹೋಗಿ ಮಾಂಸ ಕಾಣುತ್ತಿತ್ತು. ಎಡ ಹಿಮ್ಮಡಿಯಲ್ಲಿ ಕಪ್ಪುಗಟ್ಟಿದ ಇನ್ನೊಂದು ಗಾಯ. ಅವಳು ನನಗೆ ಕರೆ ಮಾಡಿದಾಗ ಮಾತನಾಡಲಾಗದೆ ಅಳುತ್ತಿದ್ದಳು. ನಾನು ತರಗತಿಯಿಂದಲೇ ಹೊರಟೆ.

ಐದು ಭಾನುವಾರ ನಾನು ಉಮ್ಮನ ಕೈ ಹಿಡಿದು ಕುಳಿತಿದ್ದೆ. ಅವರ ಬೆನ್ನನ್ನು ನಾನು ನೋಡುವಂತಿರಲಿಲ್ಲ, ನೋಡಬೇಕಾದವರನ್ನು ಕಳುಹಿಸಲೂ ಇಲ್ಲ. ಗಂಡುಮಕ್ಕಳು ಎಷ್ಟು ಬಾರಿ ಭೇಟಿ ನೀಡಿದರೂ ತಾಯಿಯ ಮುಖವನ್ನಷ್ಟೇ ಕಾಣುತ್ತಾರೆ. ಹುಣ್ಣು ಹುಟ್ಟುವುದು ಬಟ್ಟೆಯ ಮರೆಯಲ್ಲಿ. ಮಗಳೋ ಸೊಸೆಯೋ ಮೊಮ್ಮಗಳೋ ವಾರಕ್ಕೊಮ್ಮೆಯಾದರೂ ಹೋಗಿ ತಾವೇ ಮೀಯಿಸಬೇಕು, ತಾವೇ ಬಟ್ಟೆ ಬದಲಿಸಬೇಕು. ತಂದೆಯಾದರೆ ಗಂಡುಮಕ್ಕಳು ಈ ಕೆಲಸ ಮಾಡಲಿ. ಇಷ್ಟನ್ನೇ ಪಾಲಿಸಿದ್ದರೂ ಉಮ್ಮನಿಗೆ ಆ ಹುಣ್ಣು ಅಷ್ಟು ಆಳವಾಗುತ್ತಿರಲಿಲ್ಲ.

ಮ್ಯಾನೇಜರರ ಬಳಿ ವಿಚಾರಿಸಿದೆ. “ವಯಸ್ಸಾದವರ ಚರ್ಮ ಉಸ್ತಾದ್, ಹೀಗೆಲ್ಲ ಆಗುತ್ತದೆ” ಎಂದರು. ಆ ಕ್ಷಣದಲ್ಲಿ ನನ್ನ ಕಿವಿಗೆ ಕೇಳಿಸಿದ್ದು ಧಾನ್ಯದ ವ್ಯಾಪಾರಿಯ ಉತ್ತರ. ಮಳೆ ಬಂದಿತ್ತು. ಹೌದು, ಮಳೆ ಬಂದಿರಬಹುದು. ವಯಸ್ಸಾದ ಚರ್ಮ ದುರ್ಬಲವೂ ಹೌದು. ನನ್ನ ಪ್ರಶ್ನೆ ಅದಾಗಿರಲಿಲ್ಲ. ಹುಣ್ಣು ಆದ ದಿನವೇ ನಮಗೇಕೆ ತಿಳಿಸಲಿಲ್ಲ? ಪೌಡರ್ ಹಚ್ಚಿದ ಮುಖವನ್ನಷ್ಟೇ ನಮ್ಮೆದುರು ಇಟ್ಟಿದ್ದೇಕೆ? ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಕೆಲಸದ ಹುಡುಗಿಯೊಬ್ಬಳು ಬಾಗಿಲ ಬಳಿ ಮೆಲ್ಲಗೆ ಹೇಳಿದಳು: ರಾತ್ರಿ 18 ಹಾಸಿಗೆಗಳಿಗೆ ಅವಳೊಬ್ಬಳೇ. ಎಲ್ಲರನ್ನೂ ಎರಡು ಗಂಟೆಗೊಮ್ಮೆ ಹೊರಳಿಸಲು ಒಬ್ಬಳಿಂದ ಹೇಗೆ ಸಾಧ್ಯ? ಅಲ್ಲಿಂದ ಹೊರಡುವಾಗ ಇನ್ನೊಂದನ್ನು ಗಮನಿಸಿದೆ. ಸಹಾಯಕ್ಕೆ ಕರೆಯುವ ಗಂಟೆಯ ಗುಂಡಿಯನ್ನು ಉಮ್ಮನ ಮಂಚದ ಬಲಭಾಗದಲ್ಲಿ ತೂಗುಹಾಕಿದ್ದರು. ಅವರಿಗೆ ಶಕ್ತಿಯಿಲ್ಲದ್ದು ಬಲಗೈಗೆ. ಐದು ವಾರ ಅದು ನನ್ನ ಕಣ್ಣೆದುರೇ ಇತ್ತು.

ಆಸ್ಪತ್ರೆಯಲ್ಲಿ ಮೂರು ವಾರ ಗಾಯಕ್ಕೆ ಚಿಕಿತ್ಸೆ ನಡೆಯಿತು. ಅಲ್ಲಿನ ಹಿರಿಯ ದಾದಿಯೊಬ್ಬರು ಅಕ್ಕನಿಗೂ ನನಗೂ ತಾಳ್ಮೆಯಿಂದ ವಿವರಿಸಿದರು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮವು ಒತ್ತಲ್ಪಟ್ಟು ರಕ್ತದ ಹರಿವು ನಿಲ್ಲುತ್ತದೆ. ಮೂತ್ರದ ತೇವ ಸೇರಿದರೆ ಚರ್ಮವು ಬೇಗನೆ ಕೊಳೆಯುತ್ತದೆ. ಬೆನ್ನಿನ ಕೆಳಭಾಗ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ, ಹೆಗಲಿನ ಹಿಂಭಾಗ, ಇವು ಅಪಾಯದ ಜಾಗಗಳು. ಮೊದಲ ಸೂಚನೆ ಒಂದು ಕೆಂಪು ಕಲೆ. ಬೆರಳಿನಿಂದ ಒತ್ತಿ ಬಿಟ್ಟಾಗ ಆ ಕೆಂಪು ಮಾಸದೆ ಹಾಗೆಯೇ ಉಳಿದರೆ ಹುಣ್ಣು ಆರಂಭವಾಗಿದೆಯೆಂದು ತಿಳಿಯಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು. ಅಲ್ಲಿ ಚರ್ಮವು ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಆ ಹಂತದಲ್ಲಿ ಎಚ್ಚೆತ್ತರೆ ಮಗ್ಗುಲು ಬದಲಿಸುವುದರಿಂದಲೇ ಗುಣವಾಗುತ್ತದೆ. ದಾಖಲಿಸುವಾಗ ಉಮ್ಮನ ತೂಕ ನೋಡಿದರು. ಮನೆಯಿಂದ ಹೊರಡುವಾಗ 52 ಕಿಲೋ ಇದ್ದವರು 48ಕ್ಕೆ ಇಳಿದಿದ್ದರು. ತಿಂಗಳೊಂದರಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೂ ಅದನ್ನು ಎಚ್ಚರಿಕೆಯ ಗಂಟೆಯೆಂದು ಪರಿಗಣಿಸಬೇಕೆಂದು ಆ ದಾದಿ ಹೇಳಿದರು.

ಒಂದು ರಾತ್ರಿ ಉಮ್ಮನನ್ನು ಕೇಳಿದೆ, ಏಕೆ ಹೇಳಲಿಲ್ಲವೆಂದು. ತೊದಲುತ್ತಾ ಹೇಳಿದರು: “ಅಷ್ಟು ದೂರದಿಂದ ಬರುತ್ತಿದ್ದೆ ಮೋನೇ. ಬಂದ ಒಂದು ಗಂಟೆಯಾದರೂ ನೀನು ನಗುತ್ತಿರಲಿ ಎಂದುಕೊಂಡೆ.” ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ನನಗೆ ವಿಧಿಸಲಾರರು.

ಆ ದಿನಗಳಲ್ಲಿ ನಾನು ಸೂರಾ ಅಲ್ ಹುಜುರಾತ್‌ನ್ನು ಮತ್ತೆ ಮತ್ತೆ ಓದಿದೆ. ಅದರ 12ನೇ ವಚನವು ಹೆಚ್ಚಿನ ಗುಮಾನಿಯಿಂದ ದೂರವಿರಲು ಆಜ್ಞಾಪಿಸುತ್ತದೆ. ಇತರರ ಗುಟ್ಟುಗಳನ್ನು ಕೆದಕುವುದನ್ನು ನಿಷೇಧಿಸುತ್ತದೆ. ನಾನು ಪ್ರಶ್ನೆ ಕೇಳದಿದ್ದುದಕ್ಕೆ ನನ್ನ ಮನಸ್ಸಿನಲ್ಲಿದ್ದ ಸಮರ್ಥನೆ ಇದೇ. ಆದರೆ ಅದೇ ಸೂರಾದ 6ನೇ ವಚನವು, ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಅಮಾಯಕರಿಗೆ ಹಾನಿ ಮಾಡಬಾರದೆಂದು ಎಚ್ಚರಿಸುತ್ತದೆ. ವ್ಯಕ್ತಿಯ ಖಾಸಗಿ ಬದುಕನ್ನು ಕೆದಕುವುದು ಬೇರೆ, ವಹಿಸಿಕೊಟ್ಟ ಅಮಾನತ್ತು ಸುರಕ್ಷಿತವಾಗಿದೆಯೇ ಎಂದು ನೋಡುವುದು ಬೇರೆ. ಧಾನ್ಯದೊಳಗೆ ಕೈಯಿಳಿಸಿದ ಪ್ರವಾದಿವರ್ಯರು(ಸ) ವ್ಯಾಪಾರಿಯ ಗುಟ್ಟನ್ನು ಕೆದಕಲಿಲ್ಲ. ಮಾರಾಟಕ್ಕೆ ಇಟ್ಟ ವಸ್ತುವನ್ನು ಪರೀಕ್ಷಿಸಿದರು. ಇಸ್ಲಾಮಿನ ಚರಿತ್ರೆಯಲ್ಲಿ ಇದು ‘ಹಿಸ್ಬಾ’ ಎಂಬ ವ್ಯವಸ್ಥೆಯಾಗಿ ಬೆಳೆಯಿತು. ಮುಹ್ತಸಿಬ್ ಎಂಬ ಅಧಿಕಾರಿಯು ತಕ್ಕಡಿ, ರೊಟ್ಟಿ, ಮಾಂಸಗಳ ಜೊತೆಗೆ ವೈದ್ಯರ ಮತ್ತು ಶಸ್ತ್ರಚಿಕಿತ್ಸಕರ ಕೆಲಸವನ್ನೂ ಪರಿಶೀಲಿಸಬೇಕಿತ್ತು. ಹನ್ನೆರಡನೆಯ ಶತಮಾನದಲ್ಲಿ ಅಶ್ಶೈಝರಿ ಎಂಬ ವಿದ್ವಾಂಸರು ಬರೆದ ಹಿಸ್ಬಾ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯಗಳೇ ಇವೆ. ಹೀಗಿರುವಾಗ ರೋಗಿಯ ಪರವಾಗಿ ಪ್ರಶ್ನೆ ಕೇಳುವುದು ದುರ್ಗುಣವೆಂದು ನಾನು ಯಾವ ಗ್ರಂಥದಿಂದ ಕಲಿತೆ?

ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ಅಕ್ಕ ಮತ್ತು ನಾನು ನಾಲ್ಕು ಕೇಂದ್ರಗಳನ್ನು ನೋಡಿದೆವು. ಈ ಬಾರಿ ಮುಂಚಿತವಾಗಿ ತಿಳಿಸಲಿಲ್ಲ. ಒಮ್ಮೆ ಮಧ್ಯಾಹ್ನದ ಊಟದ ಹೊತ್ತಿಗೆ, ಇನ್ನೊಮ್ಮೆ ಮಗ್ರಿಬ್‌ನ ಬಳಿಕ ಹೋದೆವು. ಹಗಲಿನಲ್ಲಿ ತುಂಬಿರುವ ಮನೆ ರಾತ್ರಿ ಬರಿದಾಗಿರುತ್ತದೆಂಬುದು ಕತ್ತಲಾದ ಮೇಲೆ ಹೋದರೆ ಮಾತ್ರ ತಿಳಿಯುತ್ತದೆ.

ಮೊದಲನೆಯ ಕಡೆ ಫಿನೈಲಿನ ವಾಸನೆ ಗಾಢವಾಗಿತ್ತು, ಅದರಡಿಯಲ್ಲಿ ಮೂತ್ರದ ವಾಸನೆಯೂ ಇತ್ತು. ಊಟದ ತಟ್ಟೆಗಳನ್ನು ಮಂಚದ ಪಕ್ಕದಲ್ಲಿಟ್ಟು ಹೋದರು. ಅರ್ಧ ಗಂಟೆಯ ಬಳಿಕ ಮುಟ್ಟದ ತಟ್ಟೆಗಳನ್ನು ಹಾಗೆಯೇ ಹಿಂದಕ್ಕೆ ಒಯ್ದರು. ಕೈ ನಡುಗುವ ವೃದ್ಧರಿಗೆ ಉಣ್ಣಿಸುವವರಿರಲಿಲ್ಲ. ಇನ್ನೊಬ್ಬರಿಗೆ ಮಲಗಿಸಿಯೇ ಗಂಜಿ ಕುಡಿಸುತ್ತಿದ್ದರು. ಪಾರ್ಶ್ವವಾಯು ಬಡಿದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ನೆಟ್ಟಗೆ ಕೂರಿಸದೆ ಉಣ್ಣಿಸಿದರೆ ಆಹಾರವು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದೆಂದು ಆಸ್ಪತ್ರೆಯಲ್ಲಿ ನಮಗೆ ಹೇಳಿದ್ದರು.

ಎರಡನೆಯ ಕಡೆ ಎಲ್ಲವೂ ನಿಶ್ಶಬ್ದವಾಗಿತ್ತು. ಹಾಡುಹಗಲೇ ಹತ್ತು ಹನ್ನೆರಡು ಮಂದಿ ಗಾಢ ನಿದ್ದೆಯಲ್ಲಿದ್ದರು. ಯಾರಿಗೆ ಯಾವ ಔಷಧ ಕೊಡುತ್ತೀರಿ, ಅದನ್ನು ಬರೆದುಕೊಟ್ಟ ವೈದ್ಯರು ಯಾರು, ಕೊಟ್ಟವರು ಸಹಿ ಮಾಡುವ ಪಟ್ಟಿ ಎಲ್ಲಿದೆ ಎಂದು ಕೇಳಿದೆವು. ಪಟ್ಟಿ ಇರಲಿಲ್ಲ. ಒಬ್ಬರ ಕೈಯನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಲಾಗಿತ್ತು. ಬೀಳದಿರಲೆಂದು ಕಟ್ಟಿದ್ದೇವೆ ಎಂದರು. ನಿದ್ದೆಯ ಮಾತ್ರೆಯೂ ಕಟ್ಟುವ ಬಟ್ಟೆಯೂ ಕೆಲಸದವರ ಕೊರತೆಯನ್ನು ಮುಚ್ಚುವ ಸಾಧನಗಳಾಗಬಾರದು. ಬೀಳದಂತೆ ತಡೆಯಲು ಸ್ನಾನದ ಕೋಣೆಯಲ್ಲಿ ಹಿಡಿಕೆ, ಒಣಗಿದ ನೆಲ, ರಾತ್ರಿಯ ಸಣ್ಣ ದೀಪ, ತಗ್ಗಿನ ಮಂಚ ಮತ್ತು ಕರೆದಾಗ ಬರುವ ಒಬ್ಬ ಮನುಷ್ಯ ಬೇಕು.

ಮೂರನೆಯದು ಅಚ್ಚುಕಟ್ಟಾಗಿತ್ತು. ಆದರೆ ರಾತ್ರಿ ಉಸಿರಾಟದ ತೊಂದರೆಯಾದರೆ ಏನು ಮಾಡುತ್ತೀರೆಂದು ಕೇಳಿದಾಗ ನಿಮಗೆ ಫೋನ್ ಮಾಡುತ್ತೇವೆ ಎಂದರು. ನಾವು ತಲುಪಲು ಎರಡು ಗಂಟೆ ಬೇಕು. ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು ಹೋಗುತ್ತಾರೆ ಎಂಬುದು ನಿರ್ಧಾರವಾಗಿರಲಿಲ್ಲ. ಶುಲ್ಕದ ಕರಾರು ಪತ್ರವನ್ನು ಕೇಳಿದಾಗ, “ನಮ್ಮಲ್ಲಿ ಎಲ್ಲವೂ ನಂಬಿಕೆಯ ಮೇಲೆ” ಎಂದರು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನಿನ ಅತ್ಯಂತ ದೀರ್ಘವಾದ ವಚನವೇ ಆಜ್ಞಾಪಿಸಿರುವಾಗ, ತಾಯಿಯನ್ನು ಒಪ್ಪಿಸುವ ವ್ಯವಹಾರ ಬಾಯಿಮಾತಿನಲ್ಲಿ ಮುಗಿಯಬೇಕೇ?

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮ ಕಡೆ ‘ನರ್ಸಿಂಗ್ ಹೋಮ್’ ಎಂದರೆ ಸಾಮಾನ್ಯವಾಗಿ ಸಣ್ಣ ಖಾಸಗಿ ಆಸ್ಪತ್ರೆ. ಅವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಅಡಿಯಲ್ಲಿ ನೋಂದಣಿಯಾಗಬೇಕು. ವೃದ್ಧರನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಮನೆಗಳು ಬೇರೆ. ಅವುಗಳ ಫಲಕದಲ್ಲಿ ಏನೇ ಬರೆದಿರಲಿ, ಯಾವ ಇಲಾಖೆಯಲ್ಲಿ, ಯಾವ ಹೆಸರಿನಲ್ಲಿ ನೋಂದಣಿಯಾಗಿದೆ, ತರಬೇತಿ ಪಡೆದ ದಾದಿಯರು ಎಷ್ಟು ಮಂದಿ, ವೈದ್ಯರು ವಾರಕ್ಕೆ ಎಷ್ಟು ಬಾರಿ ಬರುತ್ತಾರೆ ಎಂಬುದನ್ನು ಕಾಗದದಲ್ಲೇ ನೋಡಬೇಕು.

ನಾಲ್ಕನೆಯದು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಹಳೆಯ ಹಂಚಿನ ಕಟ್ಟಡ. ಸಿಮೆಂಟಿನ ನೆಲ, ಬಣ್ಣ ಮಾಸಿದ ಗೋಡೆ. ಮೊದಲಿನ ನಾನಾಗಿದ್ದರೆ ಗೇಟಿನಿಂದಲೇ ಹಿಂದಿರುಗುತ್ತಿದ್ದೆ. ಒಳಗೆ ಪ್ರತಿ ಮಂಚದ ಕಾಲಬದಿಯಲ್ಲಿ ಒಂದು ಹಾಳೆ ತೂಗುತ್ತಿತ್ತು. ಎಷ್ಟು ಗಂಟೆಗೆ ಎಡಕ್ಕೆ, ಎಷ್ಟು ಗಂಟೆಗೆ ಬಲಕ್ಕೆ ಹೊರಳಿಸಲಾಯಿತು, ಯಾರು ಹೊರಳಿಸಿದರು, ಎಷ್ಟು ನೀರು ಕುಡಿದರು ಎಂಬುದೆಲ್ಲ ಅದರಲ್ಲಿತ್ತು. ರಾತ್ರಿ ಎರಡು ಗಂಟೆಯ ಮತ್ತು ನಾಲ್ಕು ಗಂಟೆಯ ಸಹಿಗಳೂ ಇದ್ದವು. ಅಲ್ಲಿನ ಆಯಾಗಳು ವೃದ್ಧೆಯರನ್ನು ಮಂಚದ ಸಂಖ್ಯೆಯಿಂದಲ್ಲ, ಹೆಸರಿನಿಂದ ಕರೆಯುತ್ತಿದ್ದರು. ಅವರಲ್ಲೊಬ್ಬರು ಅಲ್ಲಿ ಒಂಬತ್ತು ವರ್ಷಗಳಿಂದ ಇದ್ದವರು. ಸಂಬಳ ತಿಂಗಳ ಮೊದಲ ದಿನವೇ ಕೈಸೇರುತ್ತದೆಂದು ಹೇಳಿದರು. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ನಾವು ಪ್ರವಚನಗಳಲ್ಲಿ ಹೇಳುತ್ತೇವೆ. ಆರೈಕೆಯ ಗುಣಮಟ್ಟಕ್ಕೂ ಆ ಬೋಧನೆಗೂ ಇರುವ ನೇರ ಸಂಬಂಧ ನನಗೆ ಅಂದು ಕಂಡಿತು. ಎರಡು ತಿಂಗಳಿಗೊಮ್ಮೆ ಕೆಲಸದವರು ಬದಲಾಗುವ ಮನೆಯಲ್ಲಿ ಉಮ್ಮನಿಗೆ ಯಾವ ಮಗ್ಗುಲಲ್ಲಿ ನೋವಿದೆಯೆಂದು ತಿಳಿದಿರುವವರು ಯಾರು?

ಅಕ್ಕ ನಮಾಝಿನ ವಿಷಯ ಎತ್ತಿದಳು. ಹಿರಿಯ ಸಿಸ್ಟರ್ ಒಂದು ಪುಸ್ತಕ ತೆರೆದು ಕೇಳಿ ಬರೆದುಕೊಂಡರು: ದಿನಕ್ಕೆ ಎಷ್ಟು ಹೊತ್ತು, ಯಾವ ದಿಕ್ಕು, ನೀರು ಬಳಸಲಾಗದಿದ್ದರೆ ಏನು ಮಾಡಬೇಕು. ತಯಮ್ಮುಮ್‌ಗೆ ಶುದ್ಧವಾದ ಒಣಮಣ್ಣು ಬೇಕೆಂದೆ. ಮರುದಿನ ಉಮ್ಮನನ್ನು ಕರೆತಂದಾಗ ಮಂಚವನ್ನು ಖಿಬ್ಲಾದತ್ತ ತಿರುಗಿಸಿದ್ದರು. ತಲೆಯ ಬಳಿ ಮುಚ್ಚಳವಿರುವ ಬಟ್ಟಲಿನಲ್ಲಿ ಜರಡಿ ಹಿಡಿದ ಮಣ್ಣಿತ್ತು. ಕರೆಗಂಟೆ ಎಡಗೈಯ ಬಳಿಯಿತ್ತು. ಆಹಾರದ ವಿಷಯದಲ್ಲಿ ನಮ್ಮ ನಿಯಮಗಳನ್ನು ತಿಳಿಸಿದೆವು. ಮಾಂಸವನ್ನು ನಾವೇ ಕಳುಹಿಸುವುದು, ಉಳಿದಂತೆ ತರಕಾರಿ ಮತ್ತು ಮೀನು ಎಂದು ತೀರ್ಮಾನವಾಯಿತು. ಮೊದಲಿನ ಕೇಂದ್ರದಲ್ಲಿ ಗೋಡೆಯ ಮೇಲೆ ಆಯತ್ತಿತ್ತು. ಆದರೆ ಒದ್ದೆ ಬಟ್ಟೆಯಲ್ಲಿ ಮಲಗಿದ್ದ ಉಮ್ಮನಿಗೆ ಐದು ವಾರ ಶುದ್ಧಿಯಿಂದ ನಮಾಝ್ ಮಾಡಲಾಗಿರಲಿಲ್ಲ. ನಮ್ಮವರು ನಡೆಸುವ ಮನೆಗಳು ಕೆಟ್ಟವೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಫಲಕವನ್ನೂ ಗೋಡೆಯನ್ನೂ ನೋಡಿ ತಾಯಿಯನ್ನು ಒಪ್ಪಿಸಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ಎರಡು ತಿಂಗಳು ಕಳೆದಿತ್ತು. ಒಂದು ಬೆಳಿಗ್ಗೆ ಸಿಸ್ಟರ್ ಕರೆ ಮಾಡಿದರು. “ಸರ್, ನಿನ್ನೆ ರಾತ್ರಿಯ ರಕ್ತದೊತ್ತಡದ ಮಾತ್ರೆ ನಿಮ್ಮ ತಾಯಿಗೆ ಕೊಡುವುದು ನಮ್ಮಿಂದ ತಪ್ಪಿಹೋಯಿತು. ಡಾಕ್ಟರಿಗೆ ತಿಳಿಸಿದ್ದೇವೆ, ಒತ್ತಡ ನೋಡಿದ್ದೇವೆ, ತೊಂದರೆಯಿಲ್ಲ. ನಿಮಗೆ ಗೊತ್ತಿರಲಿ ಎಂದು ಹೇಳಿದೆ” ಎಂದರು. ಅವರು ಹೇಳದಿದ್ದರೆ ನನಗೆ ಎಂದೆಂದಿಗೂ ತಿಳಿಯುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಬರಲಿಲ್ಲ, ಕಣ್ಣು ತುಂಬಿತು. ನೆನೆದ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲೆ ಇಡುವುದೆಂದರೆ ಇದೇ ಅಲ್ಲವೇ? ತಪ್ಪೇ ನಡೆಯದ ಮನೆ ಭೂಮಿಯ ಮೇಲಿಲ್ಲ. ನಡೆದ ತಪ್ಪನ್ನು ತಾನಾಗಿ ಬಂದು ಹೇಳುವ ಮನೆಯೇ ಸುರಕ್ಷಿತ. ಈಗ ಯಾರಾದರೂ ನನ್ನಲ್ಲಿ ಸಲಹೆ ಕೇಳಿದರೆ, ಮ್ಯಾನೇಜರರ ಬಳಿ ಈ ಪ್ರಶ್ನೆಯನ್ನು ಮೊದಲು ಕೇಳಿ ಎನ್ನುತ್ತೇನೆ: ಕಳೆದ ಆರು ತಿಂಗಳಲ್ಲಿ ನಿಮ್ಮಲ್ಲಿ ಎಷ್ಟು ಮಂದಿ ಬಿದ್ದರು, ಎಷ್ಟು ಮಂದಿಗೆ ಹುಣ್ಣಾಯಿತು, ಮನೆಯವರಿಗೆ ಯಾವಾಗ ತಿಳಿಸಿದಿರಿ? ಯಾರೂ ಬಿದ್ದಿಲ್ಲ, ಏನೂ ಆಗಿಲ್ಲ ಎನ್ನುವವರಿಗಿಂತ ಲೆಕ್ಕ ತೆರೆದು ತೋರಿಸುವವರನ್ನು ನಂಬಿ.

ಉಮ್ಮನಲ್ಲಿ ಪ್ರಶ್ನೆ ಕೇಳುವ ಬಗೆಯನ್ನೂ ಬದಲಿಸಿದೆ. ಹೇಗಿದ್ದೀರಿ ಎನ್ನುವುದನ್ನು ಬಿಟ್ಟು, ನಿನ್ನೆ ರಾತ್ರಿ ಯಾರು ಹೊರಳಿಸಿದರು, ಬೆಳಿಗ್ಗೆ ಎಷ್ಟು ತುತ್ತು ಉಂಡಿರಿ, ಗಂಟೆ ಒತ್ತಿದ ಮೇಲೆ ಎಷ್ಟು ಹೊತ್ತಿಗೆ ಬಂದರು ಎಂದು ಕೇಳತೊಡಗಿದೆ. ಮೊದಮೊದಲು ಮುಗುಳ್ನಕ್ಕರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ಆ ಪುಟ್ಟ ವಿವರಗಳ ಮಧ್ಯೆ, ನನಗೆಂದೂ ಹೇಳದಿದ್ದ ತನ್ನ ಬಾಲ್ಯದ ಸಂಗತಿಗಳನ್ನೂ ಹೇಳಿದರು.

ಇನ್ನೊಂದು ಕೆಲಸ ಬಾಕಿಯಿತ್ತು. ಒಂದು ಶುಕ್ರವಾರ ಜುಮಾದ ಬಳಿಕ ಜಮಾಅತಿನ ಅಧ್ಯಕ್ಷರ ಅನುಮತಿ ಪಡೆದು ಎದ್ದು ನಿಂತು ಸತ್ಯ ಹೇಳಿದೆ. ಉಮ್ಮ ಅಕ್ಕನ ಮನೆಯಲ್ಲಿಲ್ಲ, ಆರೈಕೆ ಕೇಂದ್ರದಲ್ಲಿದ್ದಾರೆ. ನಾನು ನಿಮಗೆ ಸುಳ್ಳು ಹೇಳಿದ್ದೆ, ಕ್ಷಮಿಸಿ ಎಂದೆ. ನಾನೂ ಒದ್ದೆ ಧಾನ್ಯದ ಮೇಲೆ ಒಣಧಾನ್ಯ ಹರಡಿದವನೇ. ಆ ಸುಳ್ಳಿನಿಂದಾಗಿ ಐದು ವಾರ ಉಮ್ಮನನ್ನು ನೋಡಲು ಊರಿನ ಒಬ್ಬ ಹೆಣ್ಣುಮಗಳೂ ಹೋಗಲಿಲ್ಲ. ನೂರು ಕಣ್ಣುಗಳು ಕಾಯಬೇಕಿದ್ದ ಜೀವವನ್ನು ನನ್ನ ಮಾನ ಉಳಿಸಿಕೊಳ್ಳಲು ಕತ್ತಲಲ್ಲಿಟ್ಟಿದ್ದೆ. ಸಭೆ ಮೌನವಾಗಿತ್ತು. ಕೆಲವರು ನನ್ನತ್ತ ನೋಡಲಿಲ್ಲ. ಒಬ್ಬರು ಇಂದಿಗೂ ಸಲಾಂಗೆ ಸರಿಯಾಗಿ ಉತ್ತರಿಸುವುದಿಲ್ಲ. ಆದರೆ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹಿರಿಯರೊಬ್ಬರು ಬಳಿಗೆ ಬಂದು, ತನ್ನ ಪತ್ನಿಯೂ ಎಂಟು ತಿಂಗಳಿಂದ ಅಂತಹ ಒಂದು ಮನೆಯಲ್ಲಿದ್ದಾಳೆಂದು ಪಿಸುಗುಟ್ಟಿದರು. ಬಳಿಕ ಇನ್ನಿಬ್ಬರು ಹೇಳಿದರು. ನಮ್ಮ ಚಿಕ್ಕ ಮೊಹಲ್ಲಾದಲ್ಲೇ ಮೂರು ಗುಟ್ಟುಗಳಿದ್ದವು. ಈಗ ನಮ್ಮ ಹೆಣ್ಣುಮಕ್ಕಳ ಒಂದು ಪುಟ್ಟ ತಂಡ ಸರದಿಯಂತೆ, ದಿನ ತಿಳಿಸದೆ, ಆ ಹಿರಿಯರನ್ನು ಭೇಟಿಯಾಗುತ್ತದೆ. ತಲೆ ಬಾಚುತ್ತಾರೆ, ಬೆನ್ನು ನೋಡುತ್ತಾರೆ, ಊಟದ ಹೊತ್ತಿಗೆ ಕುಳಿತು ಉಣ್ಣಿಸುತ್ತಾರೆ. ರೋಗಿಯನ್ನು ಸಂದರ್ಶಿಸುವುದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕೆಂದು ಕಲಿತ ನಮಗೆ ಇದು ಹೊಸ ಆರಾಧನೆಯೇನಲ್ಲ.

2011ರ ಜನಗಣತಿಯ ಪ್ರಕಾರವೇ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. ಮಕ್ಕಳು ಊರು ಬಿಡುತ್ತಿದ್ದಾರೆ, ಮನೆಗಳು ಕಿರಿದಾಗುತ್ತಿವೆ. ಹೆತ್ತವರನ್ನು ಮನೆಯಲ್ಲೇ ನೋಡಿಕೊಳ್ಳುವ ಭಾಗ್ಯ ಸಿಕ್ಕವರು ಅದನ್ನು ಎಂದಿಗೂ ಬಿಟ್ಟುಕೊಡದಿರಲಿ. ಆ ಹೊರೆಯನ್ನು ಒಬ್ಬಳೇ ಸೊಸೆಯ ಸೊಂಟದ ಮೇಲೆ ಹೇರದಿರಲಿ. ಸಾಮರ್ಥ್ಯವಿದ್ದೂ ಕೈಬಿಡುವ ಮಕ್ಕಳಿಂದ ಜೀವನಾಂಶ ಪಡೆಯಲು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಅವಕಾಶ ನೀಡಿದೆ. ಹಿರಿಯರ ಮೇಲೆ ನಿರ್ಲಕ್ಷ್ಯ ಅಥವಾ ದೌರ್ಜನ್ಯ ನಡೆಯುತ್ತಿದ್ದರೆ 14567 ಎಂಬ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಇವನ್ನೆಲ್ಲ ತಿಳಿದಿರೋಣ. ಆದರೆ ಶುಲ್ಕ ಪಾವತಿಸಿದೊಡನೆ ಹೊಣೆ ಮುಗಿಯಿತೆಂದು ಯಾರೂ ಭಾವಿಸದಿರೋಣ. ಅಮಾನತ್ತನ್ನು ಇನ್ನೊಬ್ಬರ ಕೈಗೆ ಕೊಟ್ಟ ಮಾತ್ರಕ್ಕೆ ಅಲ್ಲಾಹನ ಮುಂದಿನ ಪ್ರಶ್ನೆಯಿಂದ ನಾವು ಪಾರಾಗುವುದಿಲ್ಲ.

ಕಳೆದ ವರ್ಷ ಶಅಬಾನ್ ತಿಂಗಳಿನಲ್ಲಿ ಉಮ್ಮ ಅಲ್ಲಾಹನೆಡೆಗೆ ಮರಳಿದರು. ಮಯ್ಯಿತ್ತನ್ನು ಮನೆಗೆ ತಂದೆವು. ಅಕ್ಕನೂ ನೆರೆಯ ಹೆಣ್ಣುಮಕ್ಕಳೂ ಸ್ನಾನ ಮಾಡಿಸಿದರು. ಮಯ್ಯಿತ್ತನ್ನು ಮೀಯಿಸುವವರು ಕಂಡ ಕುಂದನ್ನು ಹೊರಗೆ ಹೇಳಬಾರದು, ಒಳಿತನ್ನು ಹೇಳಬಹುದು ಎಂಬುದು ನಮ್ಮ ಶಿಷ್ಟಾಚಾರ. ನಾನು ಜಗಲಿಯಲ್ಲಿ ಕುಳಿತಿದ್ದೆ. ಅಕ್ಕ ಒದ್ದೆ ಕೈಗಳಲ್ಲೇ ಹೊರಬಂದು ನನ್ನ ಬಳಿ ನಿಂತು ಒಂದೇ ಮಾತು ಹೇಳಿದಳು: “ಉಮ್ಮನ ಬೆನ್ನು ಶುದ್ಧವಾಗಿದೆ. ಹಳೆಯ ಕಲೆ ಬಿಟ್ಟರೆ ಏನೂ ಇಲ್ಲ.”

ಅಲ್ಲಾಹನು ನಮ್ಮ ಹೆತ್ತವರ ಮೇಲೆ ಕರುಣೆ ತೋರಲಿ. ಅವರನ್ನು ಮೀಯಿಸಿ ಉಣ್ಣಿಸಿದ ಎಲ್ಲ ಕೈಗಳಿಗೂ ಒಳ್ಳೆಯ ಪ್ರತಿಫಲ ನೀಡಲಿ. ನೋಡಬೇಕಾದುದನ್ನು ನೋಡದೆ ಕಳೆದ ನನ್ನ ಐದು ವಾರಗಳನ್ನು ಕ್ಷಮಿಸಲಿ. ಆಮೀನ್.